ಬೀಗ ಹಾಕಿಟ್ಟ ಆರು ಬಲ್ಬುಗಳು

ನನ್ನ ಕಾಮಾಲೆಯನ್ನು ಮೊದಲು ಕಂಡುಹಿಡಿದವನು ನಾನೇ. ಎಂಬತ್ತೊಂದರ ಬೇಸಿಗೆ. ವಾರದಿಂದ ಅನ್ನದ ವಾಸನೆಗೂ ವಾಕರಿಕೆ ಬರುತ್ತಿತ್ತು. ಆ ಬೆಳಿಗ್ಗೆ ಮೂತ್ರ ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಬಾಗಲಕೋಟೆಯ ಆಸ್ಪತ್ರೆಯ ಲ್ಯಾಬ್‌ನಲ್ಲಿ ನನ್ನ ರಕ್ತ ನಾನೇ ತೆಗೆದು, ಅದರ ಸೀರಮ್ ಅನ್ನು ಪಿಪೆಟ್ ಎಂಬ ಗಾಜಿನ ಕೊಳವೆಯಲ್ಲಿ ಬಾಯಿಂದಲೇ ಎಳೆದು, ಬಿಲಿರುಬಿನ್ ನೋಡಿದೆ.

ಒಂಬತ್ತು. ಒಂದನ್ನು ದಾಟಬಾರದು.

ಆ ಲ್ಯಾಬ್‌ನ ಸುರಕ್ಷತೆಯ ಜವಾಬ್ದಾರಿ ನನ್ನದು. ಬಾಯಿಂದ ಎಳೆಯುವುದು ತಪ್ಪಲಿ ಎಂದು ಪಿಪೆಟ್ ತುದಿಗೆ ಹಾಕುವ ಆರು ರಬ್ಬರ್ ಬಲ್ಬುಗಳನ್ನು ಮೇಲಿನ ಕಚೇರಿಯವರು ಕಳಿಸಿದ್ದರು. ಇನ್‌ಸ್ಪೆಕ್ಷನ್ನಿಗೆ ಹೊಸದಾಗಿ ಕಾಣಲಿ ಎಂದು ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದ್ದೆ. ನನ್ನ ಸಹಾಯಕಿ ಕಸ್ತೂರಿ ಒಮ್ಮೆ ಕೇಳಿದಳು.

"ಸರ್, ಒಂದ್ ಬಲ್ಬ್ ಕೊಡ್ರಿ. ಬಾಯಾಗ ರಕ್ತ ಬಂದ್ರ ಹೆಂಗ್ರಿ?"

"ಅಷ್ಟ್ ಹೆದರಿಕಿ ಇದ್ರ ಮನ್ಯಾಗ ರೊಟ್ಟಿ ಬಡೀಬೇಕಿತ್ತು. ಹದಿನೆಂಟು ವರ್ಷ ಬಾಯಿಲೇ ಎಳದೇನಿ, ನನಗೇನಾಗೇತಿ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗದೆ ಏನು ಮಾಡುತ್ತಾಳೆ, ನಾನು ಮೇಲಿನವನು. ಮುಂದೊಂದು ದಿನ ಕಾಮಾಲೆ ರೋಗಿಯ ರಕ್ತ ಅವಳ ಬಾಯಿಗೇ ಹೋಯಿತು. ಮುಕ್ಕಳಿಸಿ ಬಂದವಳನ್ನು, ಇನ್ನೂ ಇಪ್ಪತ್ತು ಸ್ಯಾಂಪಲ್ ಇವೆ ಎಂದು ಮತ್ತೆ ಕೂರಿಸಿದವನೂ ನಾನೇ.

ನನಗಿಂತ ಹತ್ತು ದಿನ ಮೊದಲೇ ಅವಳು ಅಡ್ಮಿಟ್ ಆಗಿದ್ದಳು. ಹೊರಗಿನ ಗಿರ್ಮಿಟ್ ತಿಂದಿರಬೇಕು ಎಂದಿದ್ದೆ.

ಈಗ ನಾನೂ ಅದೇ ಆಸ್ಪತ್ರೆಯಲ್ಲಿ ಮಲಗಿದೆ. ಮೈಯೆಲ್ಲ ತುರಿಕೆ, ಚರ್ಮ ಕಿತ್ತು ಬಂದರೂ ನಿಲ್ಲದು. ಹೆಂಡತಿ ನನ್ನ ತಾಟು, ಲೋಟ ಬೇರೆ ಮಾಡಿ, ಮಕ್ಕಳನ್ನು ಹುನಗುಂದದ ತವರಿಗೆ ಕಳಿಸಿದಳು. ನಮ್ಮಿಬ್ಬರ ರಕ್ತವೂ ಹುಬ್ಬಳ್ಳಿಗೆ ಹೋಗಿ, ಆಸ್ಟ್ರೇಲಿಯಾ ಆಂಟಿಜೆನ್ ಪಾಸಿಟಿವ್ ಎಂದು ಬಂತು. ಅಂದರೆ ರಕ್ತದಿಂದ ಹತ್ತಿದ ಕಾಮಾಲೆ. ಗೋಡೆಯಾಚೆ ಹೆಂಗಸರ ವಾರ್ಡಿನಲ್ಲಿ ಕಾಮಾಲೆ ತಲೆಗೇರಿ ಕಸ್ತೂರಿಗೆ ಬುದ್ಧಿ ಭ್ರಮಿಸಿತ್ತು. ಹೆತ್ತವ್ವನ ಗುರುತೂ ಸಿಗದೆ ಹೊಡೆಯುತ್ತಿದ್ದಳೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಮೂರು ದಿನ ಅವಳ ಕೂಗು ಕೇಳಿದೆ.

ನಾಲ್ಕನೆಯ ದಿನ ಅವಳು ತೀರಿಕೊಂಡಳು.

ಇನ್ನಾದರೂ ನಿದ್ದೆ ಬಂದೀತು ಎಂಬುದೇ ನನಗೆ ಮೊದಲು ಹೊಳೆದದ್ದು. ನಾಚಿಕೆಯಾದದ್ದು ಆಮೇಲೆ.

ಮರುದಿನ ದೊಡ್ಡ ಡಾಕ್ಟರು ರಿಪೋರ್ಟ್ ಬರೆಯಲು ನನ್ನ ಮಂಚದ ಬಳಿ ಬಂದರು.

"ಬಲ್ಬ್ ಇದ್ದುವೇನ್ರಿ?"

"ಇದ್ದುವ್ರಿ. ಆರು."

"ಆಕಿ ಬಳಸ್ತಿದ್ದಿಲ್ಲ?"

"ಇಲ್ರಿ."

ಒಂದು ಮಾತೂ ಸುಳ್ಳಲ್ಲ. ಬೀಗದ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನೌಕರಿ ಹೋದೀತೆಂದು ಹೆದರಿದ್ದೆ. ಸಿಬ್ಬಂದಿಯ ಅಜಾಗರೂಕತೆ ಎಂದು ಬರೆದುಕೊಂಡು ಹೋದರು.

ನನ್ನ ಡಿಸ್ಚಾರ್ಜಿನ ಹಿಂದಿನ ದಿನ ಕಸ್ತೂರಿಯ ಅವ್ವ ಗುಡೂರಿನಿಂದ ಬಸ್ಸು ಹಿಡಿದು ಬಂದರು. ಕೈಮುಗಿದು ನಿಂತರು.

"ಸಾಹೇಬರ, ಬಲ್ಬ್ ಇದ್ರೂ ನನ್ನ ಮಗಳು ಹಾಕ್ಕೊಳ್ಳಲಿಲ್ಲಂತ, ಡಾಕ್ಟರು ಹೇಳಿದ್ರು. ಆಕಿ ಜಡ್ಡು ನಿಮಗೂ ಹತ್ತೇತಿ. ಸಣ್ಣಾಕಿ, ತಿಳೀಲಿಲ್ಲ. ಹೊಟ್ಟ್ಯಾಗ ಹಾಕ್ಕೋರಿ."

ನಿಜ ಹೇಳಬೇಕೆಂದು ಬಾಯಿ ತೆರೆದೆ.

"ಇರ್ಲಿ ಬಿಡವ್ವಾ," ಎಂದೆ.

ಅವರು ಕಣ್ಣೊರೆಸಿಕೊಂಡು, ತಂದಿದ್ದ ಮೋಸಂಬಿ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ನನ್ನ ಕೈಗಿಟ್ಟರು. ತಿಂಗಳ ಮೇಲೆ ನಾಲಿಗೆಗೆ ರುಚಿ ಹತ್ತಿತ್ತು. ಒಂದನ್ನೂ ಬಿಡದೆ ತಿಂದೆ. ಬದುಕಿದೆನಲ್ಲ ಎಂದು ಮೊದಲ ಸಲ ಸಂತೋಷವಾದದ್ದು ಆಗಲೇ.