ಖಡಕಿ ಬರುವುದರೊಳಗೆ

ಇವತ್ತು ಮುಂಜಾನೆ ನನ್ನ ಮಗಳು ಸುಧಾ ಕಾಲೇಜಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ರೇನ್‌ಕೋಟಿನ ಗುಂಡಿಗಳನ್ನು ಒತ್ತಿಕೊಂಡಳು. ಟಿಚ್, ಟಿಚ್, ಟಿಚ್. ಒತ್ತಿದರೆ ಕೂಡಿಕೊಳ್ಳುವ, ಎಳೆದರೆ ಬಿಟ್ಟುಕೊಡುವ ಆ ಜೋಡಿ ಗುಂಡಿಗೆ ನಮ್ಮ ಕಡೆ ಟಿಚ್ ಗುಂಡಿ ಎಂದೇ ಹೆಸರು. ಅವಳು ಮೆಟ್ಟಿಲಿಳಿದು ಹೋದ ಮೇಲೂ ಆ ಸಪ್ಪಳ ಮನೆಯಲ್ಲೇ ಉಳಿದಂತಾಯಿತು. ಕೈಯಲ್ಲಿದ್ದ ಚಹಾ ಆರಿತು. ಎದ್ದು ಹೋಗಿ ಕಪಾಟಿನ ಕೆಳಗಿನ ಖಾನೆ ತೆಗೆದೆ. ನನ್ನ ಹೆಂಡತಿ ಗಿರಿಜಾ ಹೋದ ವರ್ಷ ತೀರಿಕೊಂಡ ಮೇಲೆ ನಾನು ಮುಟ್ಟದೆ ಬಿಟ್ಟಿದ್ದ ಖಾನೆ ಅದು. ಸೀರೆಗಳ ಕೆಳಗೆ, ಅಚ್ಚುಕಟ್ಟಾಗಿ ಮಡಚಿ ಇಟ್ಟ ಒಂದು ಖಾಕಿ ಬಟ್ಟೆ. ಅಂಗವಸ್ತ್ರಕ್ಕಿಂತ ಚಿಕ್ಕದು, ಕರವಸ್ತ್ರಕ್ಕಿಂತ ದೊಡ್ಡದು. ಅದರ ತುಂಬ ಚೌಕ ಚೌಕ ಹೊಲಿಗೆ, ಚೌಕಕ್ಕೊಂದು ಟಿಚ್ ಗುಂಡಿಯ ಕೆಳಗಿನ ಅರ್ಧ; ಮಡಿಕೆಯೊಳಗೆ ಕೆಂಪು, ನೀಲಿ ದಾರ ಸುತ್ತಿದ ಮೇಲಿನ ಅರ್ಧಗಳು.

ಅದೇನೆಂದು ನಿಮಗೆ ತಿಳಿಯಬೇಕಾದರೆ ನೀವು ನನ್ನ ಜೊತೆ ಚಿಂಚವಾಡದಲ್ಲಿ ಲೋಕಲ್ ಟ್ರೇನು ಹತ್ತಬೇಕು. ಮುಂಜಾನೆಯ ಗಾಡಿ. ಗದ್ದಲ ಇರುತ್ತದೆ, ಆದರೆ ಸ್ವಲ್ಪ ಸರಿದರೆ ಮೂವರು ಕೂಡುವ ಬೆಂಚಿನಲ್ಲಿ ನಾಲ್ಕನೆಯವರಿಗೂ ಜಾಗ ಆಗುತ್ತದೆ.

ತೊಂಬತ್ತರ ದಶಕದ ಆರಂಭದ ಮಾತು. ನಮ್ಮಪ್ಪ ವಿಜಾಪುರದ ಕಡೆಯಿಂದ ಪಿಂಪ್ರಿಯ ಕಾರಖಾನೆಗೆ ಬಂದು ನೆಲೆಸಿದವರು. ಚಿಂಚವಾಡದಲ್ಲಿ ನಮಗಿದ್ದದ್ದು ಎರಡು ಖೋಲಿಯ ಮನೆ. ಅದರಲ್ಲಿ ಅಪ್ಪ, ಅವ್ವ, ಅಣ್ಣ, ವೈನಿ, ಅವರ ಮಕ್ಕಳು, ನಾನು. ಆ ಮನೆಗೆ ವಿಜಾಪುರ ಜಿಲ್ಲೆಯ ಇಂಡಿಯಿಂದ ಗಿರಿಜಾ ಮದುವೆಯಾಗಿ ಬಂದಳು. ಮೊದಲೇ ನನ್ನದು ಮಾತು ಕಡಿಮೆ. ಅವಳಿಗೆ ಹೊಸ ಮನೆ, ಹೊಸ ಊರು, ಬಾಗಿಲಾಚೆ ಕಾಲಿಟ್ಟರೆ ಬಾರದ ಮರಾಠಿ. ರಾತ್ರಿ ಏನಾದರೂ ಹೇಳೋಣವೆಂದರೆ ಪರದೆಯ ಆಚೆ ಅಣ್ಣನ ಕೆಮ್ಮು. ಹೀಗೆ ತಿಂಗಳುಗಳು ಕಳೆದವು. ನಾವಿಬ್ಬರೂ ಒಂದೇ ಅಂಗಡಿಯ ಮುಂದೆ ಸರತಿಯಲ್ಲಿ ನಿಂತ ಅಪರಿಚಿತರ ಹಾಗೆ ಬಾಳುತ್ತಿದ್ದೆವು.

ಅವಳಿಗೆ ಹೊಲಿಗೆ ಬರುತ್ತಿತ್ತು. ಖಡಕಿಯಲ್ಲಿ ಸಮವಸ್ತ್ರ ಹೊಲಿಯುವ ಒಂದು ಸಣ್ಣ ಕಾರಖಾನೆಯಲ್ಲಿ ಕೆಲಸ ಸಿಕ್ಕಿತು. ನನ್ನದು ಶಿವಾಜಿನಗರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಗುಮಾಸ್ತಿಕೆ. ಇಬ್ಬರದೂ ಒಂದೇ ಗಾಡಿ. ಚಿಂಚವಾಡ, ಪಿಂಪ್ರಿ, ಕಾಸರವಾಡಿ, ದಾಪೋಡಿ, ಖಡಕಿ. ಖಡಕಿಯಲ್ಲಿ ಅವಳು ಇಳಿಯುವಳು, ಮುಂದಿನ ಸ್ಟೇಶನ್ನಿನಲ್ಲಿ ನಾನು. ಹೆಂಗಸರ ಡಬ್ಬಿ ಬಿಟ್ಟು ಅವಳು ನನ್ನ ಜೊತೆಗೇ ಕೂಡುತ್ತಿದ್ದಳು. ಅಷ್ಟು ಮಂದಿಯ ನಡುವೆ ನಮ್ಮಿಬ್ಬರಿಗೇ ಎಂದು ಇದ್ದ ಹೊತ್ತು ಅದೊಂದೇ. ಅದನ್ನೂ ನಾನು ಕಿಟಕಿಯ ಹೊರಗೆ ನೋಡುತ್ತ ಕಳೆಯುತ್ತಿದ್ದೆ.

ಒಂದು ದಿನ ಶೇಂಗಾ ಮಾರುವವನಿಂದ ಒಂದು ಪುಡಿಕೆ ಕೊಂಡು ಅವಳ ಕೈಗೆ ಕೊಟ್ಟೆ. ಅವಳು ತಿನ್ನಲಿಲ್ಲ. ತೊಡೆಯ ಮೇಲಿನ ಊಟದ ಚೀಲದ ಮೇಲೆ ಕಾಳುಗಳನ್ನು ಎರಡು ಸಾಲಾಗಿ ಜೋಡಿಸಿ, ಎದುರುಬದುರು ಇಟ್ಟು, ಒಂದೊಂದಾಗಿ ಸರಿಸುತ್ತಿದ್ದಳು. ನಾನು ಯೋಚನೆ ಮಾಡದೆ ಕೈ ಚಾಚಿ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡೆ.

"ನಮ್ಮ ರಾಣೀನ ತಿಂದ್ರಲ್ರಿ," ಎಂದಳು.

ಊಟಕ್ಕೆ ಬರ್ರಿ, ನೀರು ಬಂತು ಎಂಬಂಥವನ್ನು ಬಿಟ್ಟರೆ ಅವಳು ನನ್ನೊಡನೆ ತಾನಾಗಿ ಆಡಿದ ಮೊದಲ ಮಾತು ಅದು. ನಾನು ಅಗಿಯುವುದನ್ನು ನಿಲ್ಲಿಸಿದೆ. ನುಂಗಬೇಕೋ ಬೇಡವೋ ತಿಳಿಯಲಿಲ್ಲ.

ಇಂಡಿಯಲ್ಲಿ ಅವಳು, ಅವಳ ಇಬ್ಬರು ತಮ್ಮಂದಿರು ಸೇರಿ ಒಂದು ಆಟ ಕಟ್ಟಿದ್ದರಂತೆ. ಹೆಸರು ಮಾಯಾದೇಶ. ಹಳೆಯ ಜಮಖಾನೆಯ ಮೇಲೆ ಸುಣ್ಣದಿಂದ ಗೆರೆ; ಬೆಟ್ಟ, ಹೊಳೆ, ಕೋಟೆ. ಎರಡೂ ಕಡೆ ಒಬ್ಬೊಬ್ಬ ರಾಣಿ, ಸೈನಿಕರು, ಹಾರುವ ಕುದುರೆ, ಒಬ್ಬ ರಾಕ್ಷಸ, ಒಬ್ಬ ಮಂತ್ರವಾದಿ. ರಾಜನಿಲ್ಲ. ಯಾಕೆಂದು ಕೇಳಿದೆ. "ರಾಜಾ ಇದ್ರ ನನ್ನ ತಮ್ಮಗೋಳು ನನಗ ಆಡಾಕ ಕೊಡ್ತಿದ್ದಿಲ್ರಿ," ಎಂದಳು. ಒಬ್ಬರು ಒಂದು ಹೆಜ್ಜೆ ಇಟ್ಟರೆ ಇನ್ನೊಬ್ಬರ ಪಾಳಿ; ಯಾರ ರಾಣಿ ಸತ್ತಳೋ ಅವರು ಸೋತಂತೆ. ಒಂದು ಯುದ್ಧ ಮುಗಿಯಲು ಹಲವು ರವಿವಾರ ಬೇಕು. ಮಂತ್ರವಾದಿಯಂತೂ ಒಂದೆಡೆ ಸುಮ್ಮನೆ ನಿಂತಷ್ಟೂ ಪಾಳಿಗೊಂದರಂತೆ ಶಕ್ತಿ ಕೂಡಿಡುತ್ತಾನೆ, ಕೊನೆಗೊಮ್ಮೆ ಎದ್ದು ಅರ್ಧ ದೇಶವನ್ನು ಸುಡುತ್ತಾನೆ.

"ಇಲ್ಲಿ ಎಲ್ಲಿ ಹಾಸೂದ್ರಿ ಅದನ್ನ," ಎಂದಳು. ನಿಜ. ನಮ್ಮ ಮನೆಯಲ್ಲಿ ಜಮಖಾನೆ ಹಾಸಿದರೆ ಅದರ ಮೇಲೆ ನಾಲ್ಕು ಮಂದಿ ಮಲಗುತ್ತಿದ್ದರು.

ಅವಳು ದಸರಾಕ್ಕೆ ತವರಿಗೆ ಹೋಗುವುದೆಂದು ಆಗಲೇ ಗೊತ್ತಾಗಿತ್ತು. ಹೋದರೆ ಮರಳಿ ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಅವಳ ಟ್ರಂಕಿನಲ್ಲಿ ಅರ್ಧ ಬಟ್ಟೆ ಇನ್ನೂ ಬಿಚ್ಚದೇ ಇತ್ತು. ಬರದಿದ್ದರೆ ತಪ್ಪು ಅವಳದೂ ಅಲ್ಲ. ಇದು ಯಾರಿಗೂ ಹೇಳುವ ಮಾತಲ್ಲವಾದ್ದರಿಂದ ನಾನು ಬೇರೆಯೇ ಮಾತು ಹೇಳಿದೆ: "ಆ ಆಟ ಟ್ರೇನಿನ್ಯಾಗ ಆಡೂ ಹಂಗ ಮಾಡೂನೇನು? ಖಡಕಿ ಬರೂದ್ರಾಗ ಮುಗೀಬೇಕು."

ಅವಳು ನನ್ನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

ಆಟ ಕಟ್ಟುವುದು ಸುಲಭವೆಂದು ನೀವು ತಿಳಿದಿದ್ದರೆ ನಾನೂ ಹಾಗೇ ತಿಳಿದಿದ್ದೆ. ಮೊದಲ ದಿನ ಹುಣಸೆಬೀಜ ಇಟ್ಟು ಆಡಿದೆವು. ಕಾಸರವಾಡಿಯಲ್ಲಿ ಗಾಡಿ ಬ್ರೇಕು ಹಾಕಿತು. ಎರಡೂ ಸೈನ್ಯ ಒಟ್ಟಿಗೆ ಯಾರದೋ ಚಪ್ಪಲಿಯ ಕೆಳಗೆ ಹೋದವು. ಮುಂದಿನ ವಾರ ಅವಳು ಈ ಖಾಕಿ ಬಟ್ಟೆ ತಂದಳು. ಕಾರಖಾನೆಯಲ್ಲಿ ಬೇಡವೆಂದು ಎಸೆದ ಟಿಚ್ ಗುಂಡಿಗಳನ್ನು ಕೇಳಿ ತಂದು, ಊಟದ ಬಿಡುವಿನಲ್ಲಿ ಕೂತು ಹೊಲಿದಿದ್ದಳು. ಮೇಲಿನ ಅರ್ಧಗಳಿಗೆ ಕೆಂಪು, ನೀಲಿ ದಾರ ಸುತ್ತಿ ಸೈನ್ಯ ಮಾಡಿದ್ದಳು. ಒತ್ತಿದರೆ ಕೂತಿತು. ಗಾಡಿ ತಲೆಕೆಳಗಾದರೂ ಬೀಳುವಂತಿರಲಿಲ್ಲ.

ಬೇಗ ಮುಗಿಯಬೇಕಲ್ಲ, ಸೈನ್ಯ ಕಡಿಮೆ ಮಾಡೋಣ ಎಂದೆ. ಅವಳು ತಲೆಯಾಡಿಸಿದಳು. "ಸೈನ್ಯ ಕಡಿಮಿ ಮಾಡಿದ್ರ ಆಟ ಸಾಯ್ತದ್ರಿ. ಜಾಗಾ ಕಡಿಮಿ ಮಾಡೂನು." ಹಾಗೆ ಬೆಟ್ಟ ಹೊಳೆ ಎಲ್ಲ ಹೋಗಿ ಒಂದು ಕುಸ್ತಿಯ ಕಣದಷ್ಟು ನೆಲ ಉಳಿಯಿತು. ನಾವು ಅದಕ್ಕೆ ಅಖಾಡ ಎಂದೇ ಕರೆದೆವು. ಅದೂ ಸಾಲದೆಂದು ಅವಳು ಇನ್ನೊಂದು ರೂಲು ತಂದಳು: ಪ್ರತಿ ಸ್ಟೇಶನ್ನಿಗೂ ಅಖಾಡದ ಸುತ್ತಲಿನ ಒಂದು ಸಾಲು ಬೆಂಕಿಗೆ ಹೋಗಬೇಕು. ಗಾಡಿ ನಿಂತಾಗ ಆ ಸಾಲಿನಲ್ಲಿ ಯಾರಿದ್ದರೂ ಸತ್ತಂತೆ. ದಾಪೋಡಿ ದಾಟಿದ ಮೇಲೆ ನಡುವಿನ ಒಂಬತ್ತು ಮನೆ ಮಾತ್ರ. ಅಲ್ಲಿ ಓಡಿಹೋಗುವುದಕ್ಕೆ ದಾರಿಯಿಲ್ಲ.

ನನ್ನ ಸ್ವಭಾವ ನಿಮಗೆ ತಿಳಿಸಿಬಿಡಬೇಕು. ನಾನು ಅಂಗಡಿಯಲ್ಲಿ ಸಾಬೂನು ಆರಿಸಲು ನಿಂತರೆ ನನ್ನ ಹಿಂದಿನವರು ಸಂತೆ ಮುಗಿಸಿ ಮನೆ ಸೇರಿರುತ್ತಾರೆ. ರಾಕ್ಷಸನನ್ನು ಎತ್ತಿ ಹಿಡಿದು, ಇಲ್ಲಿಡಲೋ ಅಲ್ಲಿಡಲೋ ಎಂದು ಯೋಚಿಸುತ್ತ ಕೂತಿದ್ದಾಗಲೇ ಪಿಂಪ್ರಿ ಬರುತ್ತಿತ್ತು. ನನ್ನ ಸೈನಿಕರು ಅವಳ ಕೈಯಲ್ಲಿ ಸತ್ತದ್ದಕ್ಕಿಂತ ಪಿಂಪ್ರಿ ಸ್ಟೇಶನ್ನಿನಲ್ಲಿ ಸತ್ತದ್ದೇ ಹೆಚ್ಚು. ಕೊನೆಗೆ ಅವಳು, ತಾನು ಐದು ಎಣಿಸುವುದರೊಳಗೆ ನಾನು ಇಡದಿದ್ದರೆ ಪಾಳಿ ತನಗೆ ಎಂದು ಮಾಡಿದಳು. ಎಣಿಸುವಾಗ ಕಿಟಕಿಯ ಸರಳಿಗೆ ಬಳೆ ತಾಗಿಸುತ್ತಿದ್ದಳು. ಆಗಂತೂ ನನಗೆ ಏನೂ ಹೊಳೆಯುತ್ತಿರಲಿಲ್ಲ.

ಎದುರಿನ ಬೆಂಚಿನಲ್ಲಿ ದಿನವೂ ಒಬ್ಬ ಮರಾಠಿ ಕಾಕಾ ಕೂಡುತ್ತಿದ್ದರು. ಮೊದಲು ಪೇಪರಿನ ಮೇಲಿಂದ ಕದ್ದು ನೋಡುತ್ತಿದ್ದವರು, ಆಮೇಲೆ ಪೇಪರು ತರುವುದನ್ನೇ ಬಿಟ್ಟರು. "ವಹಿನಿ, ರಾಕ್ಷಸ ಪುಢೆ ಘ್ಯಾ," ಎಂದು ಅವಳಿಗೆ ಮಾತ್ರ ಸಲಹೆ. ರಾಕ್ಷಸನನ್ನು ಮುಂದೆ ತನ್ನಿ ಎಂದು. ಅವಳು ಮರಾಠಿ ಕಲಿತದ್ದು ಹೀಗೆ, ನನ್ನನ್ನು ಸೋಲಿಸುತ್ತ.

ಎಲ್ಲ ಸರಿಹೋಯಿತು, ಮಂತ್ರವಾದಿಯೊಬ್ಬನನ್ನು ಬಿಟ್ಟು. ನಿಂತು ಶಕ್ತಿ ಕೂಡಿಡಲು ಅಖಾಡದಲ್ಲಿ ಅವನಿಗೆ ಹೊತ್ತೆಲ್ಲಿ? ಮೂಲೆಯಲ್ಲಿ ನಿಂತವನು ಮೊದಲ ಬೆಂಕಿಗೇ ಬೀಳುವನು. "ನಿಮ್ಮ ಮಂತ್ರವಾದಿ ಇವತ್ತೂ ಪಿಂಪ್ರಿಯೊಳಗ ಇಳದ್ನಲ್ರಿ," ಎಂದು ನಗುವಳು. ಹಾಗೆಂದು ಅವಳದು ಬೇರೆ ಗತಿಯಲ್ಲ. ತೆಗೆದೇ ಬಿಡೋಣವೆಂದೆ. ಅವನಿಲ್ಲದಿದ್ದರೆ ಅದು ಮಾಯಾದೇಶವಲ್ಲ, ಬರೀ ಬಡಿದಾಟ ಎಂದಳು. ಆ ತೊಡಕು ಬಿಡಿಸುವುದರೊಳಗೆ ದಸರಾ ಬಂತು. ಅವಳ ತಮ್ಮ ಬಂದು ಕರೆದುಕೊಂಡು ಹೋದ. ಟ್ರಂಕನ್ನೂ ಒಯ್ದರು.

ಮರುದಿನ ಗಾಡಿಯಲ್ಲಿ ಕಾಕಾ ಕೇಳಿದರು, ವಹಿನಿ ಎಲ್ಲಿ ಎಂದು. ತವರಿಗೆ ಎಂದೆ. "ಪರತ್ ಕಧೀ?" ಮರಳಿ ಯಾವಾಗ? ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಮತ್ತೆ ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ಪೇಪರು ತರತೊಡಗಿದರು. ಹಬ್ಬ ಮುಗಿಯಿತು. ಬರುತ್ತೇನೆಂದ ದಿನವೂ ದಾಟಿತು. ಅವ್ವ ಕೇಳಲಿಲ್ಲ, ವೈನಿ ಕೇಳಲಿಲ್ಲ. ಅವರು ಕೇಳದಿದ್ದದ್ದರಿಂದ ನನಗೆ ಹೆಚ್ಚು ಅಂಜಿಕೆಯಾಯಿತು.

ಆಮೇಲೆ ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಬಾಗಿಲ ಹತ್ತಿರ ಟ್ರಂಕು ಇತ್ತು. ಅವಳು ಒಳಗೆ ಅವ್ವನಿಗೆ ಊರಿನ ಖಾರದಪುಡಿ ತೆಗೆದುಕೊಡುತ್ತಿದ್ದಳು. ನನ್ನನ್ನು ಕಂಡು, ಎಲ್ಲರೆದುರಿಗೇ ಅಂದಳು: "ಮಂತ್ರವಾದಿ ಮೊದಲ ತುಂಬಿಕೊಂಡ ಬರ್ತಾನ್ರಿ. ಒಂದೊಂದ್ ಮಂತ್ರಕ್ಕ ಒಂದೊಂದ್ ಶಕ್ತಿ ಇಳೀತಾ ಹೋಗ್ತದ. ಎಲ್ಲಾ ತೀರಿದ ಮ್ಯಾಲೆ ಅವನೂ ಸಾದಾ ಸೈನಿಕ."

ಅವ್ವ ವೈನಿಯ ಮುಖ ನೋಡಿದಳು. ಸೊಸೆಗೆ ಏನೋ ಮೆಟ್ಟಿಕೊಂಡಿದೆ ಎಂದು ಅವ್ವ ಒಂದು ವಾರ ನಂಬಿದ್ದಳು.

ಆ ಬದಲಾವಣೆಯಿಂದ ಅಖಾಡ ಪೂರ್ತಿಯಾಯಿತು. ಅವಳ ಟ್ರಂಕೂ ಖಾಲಿಯಾಗಿ ಮಂಚದ ಕೆಳಗೆ ಹೋಯಿತು. ಎಷ್ಟೋ ವರ್ಷ ಆಡಿದೆವು. ಸುಧಾ ಹೊಟ್ಟೆಯಲ್ಲಿದ್ದಾಗ ಆಡಿದೆವು. ಖಡಕಿಯಲ್ಲಿ ಅವಳು ಇಳಿದ ಮೇಲೆ ನನಗೆ ಒಂದು ಸ್ಟೇಶನ್ನಿನಷ್ಟು ಹೊತ್ತು ಉಳಿಯುತ್ತಿತ್ತು. ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲ್ಲಿ ಸೋತೆನೆಂದು ನೋಡುತ್ತಿದ್ದೆ. ಒಮ್ಮೊಮ್ಮೆ ಗೊತ್ತಾಗುತ್ತಿತ್ತು.

ಎರಡು ಸಾವಿರದ ಈಚೆಗೆ ನಾವು ಈ ಮನೆಗೆ ಬೇರೆಯಾಗಿ ಬಂದೆವು. ಸಾಮಾನು ಕಟ್ಟುವಾಗ ಅವಳು ಟ್ರಂಕಿನ ಮೇಲೆ ಕೂತು, ನಡುವೆ ಏನೂ ಆಗಿಲ್ಲವೆಂಬಂತೆ ಹೇಳಿದಳು: "ಆ ದಸರಾಕ್ಕ ನಾ ತಿರುಗಿ ಬರೂದಿಲ್ಲಂತ ಹೇಳಾಕನ ಹೋಗಿದ್ನಿರಿ." ನಾನು ಹಗ್ಗ ಹಿಡಿದುಕೊಂಡು ನಿಂತೆ. ತನ್ನ ಅಪ್ಪನಿಗೆ ಹೇಳಬೇಕೆಂದು ಅವಳು ದಿನವೂ ಹೊಸ್ತಿಲವರೆಗೆ ಹೋಗಿ ಬರುತ್ತಿದ್ದಳಂತೆ. ಕೊನೆಗೆ ಅವರೇ ಕೇಳಿದರಂತೆ, ಅಲ್ಲಿ ದಿನಾ ಏನು ಮಾಡುತ್ತೀ ಎಂದು.

"ಟ್ರೇನಿನ್ಯಾಗ ಆಟ ಆಡ್ತೇವಪ್ಪಾ."

"ಯಾರು ಗೆಲ್ತೀರಿ?"

"ನಾನ."

"ಸೋತರ ಸಿಟ್ಟ ಮಾಡ್ತಾನೇನು?"

"ಇಲ್ಲಪ್ಪಾ. ಮರುದಿನಾ ಮತ್ತ ಬಂದು ಕೂಡ್ತಾರ."

ಮಾವನವರು ಎಲೆಗೆ ಸುಣ್ಣ ಹಚ್ಚುತ್ತ, "ಹಂಗಾರ ಹೋಗವಾ," ಎಂದರಂತೆ. "ಇಂಥಾವ್ರು ಭಾಳ ಮಂದಿ ಸಿಗೂದಿಲ್ಲ."

ಬದುಕಿನಲ್ಲಿ ನನಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ. ಹೋದ ವರ್ಷ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಾಗಲೂ ಅದು ನನ್ನನ್ನು ಎತ್ತಿ ಹಿಡಿದಿತ್ತು. ಅವಳು ಇನ್ನೂ ಇರಬೇಕಾಗಿತ್ತು. ಅದು ಬೇರೆ ಮಾತು. ಆ ಟ್ರಂಕು ಮರಳಿ ಬಂದ ಸಂಜೆಯಿಂದ ನನಗೆ ದೊರೆತದ್ದನ್ನು ನಾನು ಯಾವತ್ತೂ ಕಡಿಮೆಯೆಂದು ಹೇಳಲಾರೆ.

ಸಂಜೆ ಸುಧಾ ಕಾಲೇಜಿನಿಂದ ಬಂದಾಗ ಬಟ್ಟೆ ಇನ್ನೂ ನನ್ನ ತೊಡೆಯ ಮೇಲೆಯೇ ಇತ್ತು. ತಾಯಿಯ ಆಟ ಅವಳಿಗೂ ಬರುತ್ತದೆ. ರಜೆಯಲ್ಲಿ ಅವರಿಬ್ಬರೂ ಆಡುತ್ತಿದ್ದರು. ಆದರೆ ಈ ವರ್ಷ ಮನೆಯಲ್ಲಿ ನಾವಿಬ್ಬರೂ ಮೆಸ್ಸಿನ ಡಬ್ಬಿ ಬಿಚ್ಚಿ, ಉಂಡು, ತೊಳೆದಿಟ್ಟು, ನಮ್ಮ ನಮ್ಮ ಮೂಲೆ ಸೇರುವುದಾಗಿತ್ತು.

"ಆಡೂನೇನು?" ಎಂದೆ.

ಅವಳು ಚೀಲ ಇಳಿಸಿದಳು. "ಮನಿಯಾಗ ಹ್ಯಾಂಗಪ್ಪಾ? ಸ್ಟೇಶನ್ ಎಲ್ಲಿ ಬರ್ತದ?"

ಐದು ಎಣಿಸುವುದರೊಳಗೆ ನನಗೇನಾದರೂ ಹೊಳೆದಿದ್ದರೆ ಅದು ಇವತ್ತೇ. ಡಬ್ಬಿಯವನಿಗೆ ಇವತ್ತು ಬೇಡವೆಂದು ಫೋನು ಮಾಡಿ, ಅಡುಗೆಮನೆಗೆ ಹೋಗಿ, ತೊಗರಿಬೇಳೆ ತೊಳೆದು ಕುಕ್ಕರಿಗೆ ಹಾಕಿ ಒಲೆ ಹಚ್ಚಿದೆ. "ಒಂದ್ ಸೀಟಿಗೆ ಒಂದ್ ಸಾಲು," ಎಂದೆ.

"ನಿನಗ ಕುಕ್ಕರ್ ಹಚ್ಚಾಕ ಬರ್ತದೇನು?"

"ಈಗ ಗೊತ್ತಾಗ್ತದ."

ಕುಕ್ಕರು ಮೊದಲ ಸೀಟಿ ಕೂಗಿದಾಗ ನನ್ನ ಇಬ್ಬರು ಸೈನಿಕರು ಸುಟ್ಟುಹೋದರು. ಸುಧಾ ತಾಯಿಯಷ್ಟೇ ಚುರುಕು. "ಅಪ್ಪಾ, ನೀ ಬೇಕಂತನ ಸೋಲ್ತಿದ್ದಿ ಅಂತ ಅವ್ವ ಹೇಳ್ತಿದ್ದಳು," ಎಂದಳು, ಕುದುರೆಯನ್ನು ಸರಿಸುತ್ತ. "ಭಾಳ ದೊಡ್ಡ ಮನಸ್ಸಿನ ಮನಷಾ ಅಂತಿದ್ದಳು."

ನಾನು ತಲೆಯೆತ್ತಿದೆ. "ಇಲ್ಲವಾ. ದೇವರಾಣೆ. ಒಂದ್ ದಿನಾನೂ ಬೇಕಂತ ಸೋತಿಲ್ಲ. ಪೂರಾ ಜೀವಾ ಹಾಕಿ ಆಡೇನಿ."

"ಖರೇ? ಅಂದ್ರ ನೀ ಖರೇನ ಇಷ್ಟು ಕೆಟ್ಟ ಆಡ್ತೀ?"

ಅವಳು ನಕ್ಕಳು. ಗೋಡೆಗೆ ಒರಗಿ, ಕಣ್ಣು ಒರೆಸಿಕೊಳ್ಳುತ್ತ, ನಿಲ್ಲಿಸಲಾಗದೆ ನಕ್ಕಳು. ಈ ಮನೆ ಆ ನಗುವನ್ನು ಕೇಳಿ ವರ್ಷವಾಗಿತ್ತು. ಗಿರಿಜಾ ನನ್ನ ಲೆಕ್ಕಕ್ಕೆ ಹಚ್ಚಿಹೋದ ಆ ದೊಡ್ಡ ಮನಸ್ಸನ್ನು ಇನ್ನು ಅವಳಿಗೆ ಹಿಂತಿರುಗಿಸುವಂತಿಲ್ಲ. ಇಟ್ಟುಕೊಳ್ಳಬೇಕು. ಸ್ವಲ್ಪವಾದರೂ ಅದಕ್ಕೆ ತಕ್ಕಂತೆ ಇರಬೇಕು.

ಮೂರನೆಯ ಸೀಟಿಗೆ ನನ್ನ ರಾಣಿ ಬೆಂಕಿಗೆ ಬಿದ್ದಳು. ಸುಧಾ ಎದ್ದು ಹೋಗಿ ಗ್ಯಾಸು ಆರಿಸಿದಳು.

"ಒಗ್ಗರಣಿ ನೀ ಹಾಕು," ಎಂದಳು ಅಲ್ಲಿಂದಲೇ. "ಸೋತವ್ರು ಒಗ್ಗರಣಿ ಹಾಕಬೇಕು. ಇದು ಹೊಸಾ ರೂಲು. ಮೊದಲ ಉಳ್ಳಾಗಡ್ಡಿ ಹೆಚ್ಚು."

ನಮ್ಮ ಮನೆಯಲ್ಲಿ ಈಳಿಗೆ ಎಲ್ಲಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಹುಡುಕಲು ಎದ್ದೆ.