ಪರದೆ ನೆನೆದದ್ದು ಅಟ್ಟದಲ್ಲಿ ಅಲ್ಲ

ಗಿರಿಜಕ್ಕಾ, ನಾಟಕಕ್ಕೆಂದು ನಿಮ್ಮ ಅಪ್ಪ ಬರೆದ ಪರದೆಯನ್ನು ಹಾಳು ಮಾಡಿದ್ದು ಮಳೆಯಲ್ಲ, ಮುಳಗುಂದದ ನಿಮ್ಮ ತವರುಮನೆಯ ಅಟ್ಟವಲ್ಲ, ನಿಮ್ಮ ತಮ್ಮ ಶಿವಣ್ಣನಂತೂ ಅಲ್ಲವೇ ಅಲ್ಲ. ಅದು ನನ್ನ ಕೆಲಸ. ಬೆಟಗೇರಿಯ ನಮ್ಮ ಕೋಣೆಯಲ್ಲಿ, ಹಾಡಹಗಲಿನಲ್ಲಿ, ಕೈಯಾರೆ ಅದಕ್ಕೆ ನೀರು ಹೊಡೆದೆ. ಆಮೇಲೆ ನಿಮ್ಮ ಮುಖ ನೋಡಿಯೇ ಸುಳ್ಳು ಹೇಳಿದೆ. ಇಷ್ಟನ್ನು ಬರೆಯಲು ವರ್ಷಗಳು ಬೇಕಾದವು — ಬರೆದ ಮೇಲೂ ಹಗುರವಾಯಿತು ಎಂದೇನೂ ಅನ್ನಿಸುತ್ತಿಲ್ಲ.

ನಾನೂ ಸಮೀರನೂ ಆಗ ಕಂಪ್ಯೂಟರಿನಲ್ಲಿ ಆಡುವ ಒಂದು ಆಟ ಮಾಡುತ್ತಿದ್ದದ್ದು ನಿಮಗೆ ಗೊತ್ತು. ಗುಂಡು ಹಾರಿಸುವ ಆಟವಲ್ಲ. ಒಬ್ಬ ಹುಡುಗಿ ಹಳೆಯ ಊರೊಂದರಲ್ಲಿ ಬಾವಿಯಿಂದ ಬಾವಿಗೆ ನಡೆದು, ಬಾಗಿಲು ತೆರೆದು, ಸಿಕ್ಕವರನ್ನು ಮಾತನಾಡಿಸಿ, ಕಳೆದುಹೋದ ತಾಯಿಯನ್ನು ಹುಡುಕುವ ಕಥೆ. ಆಟವನ್ನು ಓಡಿಸುವುದು ಸಮೀರನ ಕೆಲಸ. ಹುಡುಗಿಯ ಹಿಂದೆ ಕಾಣುವುದೆಲ್ಲ — ಗೋಡೆ, ಕಂಬ, ಮರ, ಆಕಾಶ — ನನ್ನದು. ಎಲ್ಲವನ್ನೂ ಕೈಯಲ್ಲೇ ಬರೆಯುತ್ತೇನೆಂದು ಹಟ ಹಿಡಿದವನೂ ನಾನೇ.

ಹಟವೇನೋ ಇತ್ತು, ಚಿತ್ರ ಇರಲಿಲ್ಲ. ಲಕ್ಕುಂಡಿಗೆ ಹೋಗಿ ಬಾವಿಯ ಮೆಟ್ಟಿಲ ಮೇಲೆ ಕೂತು ಕಲ್ಲು ಕಲ್ಲನ್ನೂ ಬರೆದುಕೊಂಡು ಬಂದೆ. ಅಳತೆ ಸರಿ, ನೆರಳು ಸರಿ, ಆದರೆ ಪರದೆಯ ಮೇಲೆ — ಕಂಪ್ಯೂಟರಿನ ಪರದೆಯ ಮೇಲೆ — ಹಾಕಿ ನೋಡಿದರೆ ಶಾಲೆಯ ಗೋಡೆಗೆ ತೂಗುಹಾಕಿದ ಚಾರ್ಟಿನಂತೆ ಕಾಣುತ್ತಿತ್ತು. ಅದರೊಳಗೆ ಒಂದು ಹೆಜ್ಜೆ ಇಡಬೇಕೆಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಸಮೀರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವನು ಸುಮ್ಮನೆ ಚಹಾ ತರಲು ಹೋಗುತ್ತಿದ್ದ.

ಆಗ ನೆನಪಾದದ್ದು ನಾಟಕದ ಪರದೆ. ಲಕ್ಷ್ಮೇಶ್ವರದಲ್ಲಿ ನಾಟಕ ಕಂಪನಿ ಕ್ಯಾಂಪು ಹಾಕಿದಾಗ ನೀವು ನನ್ನ ಕೈ ಹಿಡಿದು ರಂಗದ ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದಿರಿ. ಪಕ್ಕದ ಮನೆಯ ಹುಡುಗ ನಾನು, ಆದರೂ ನನಗೆ ಮುಂದಿನ ಸಾಲು. ಆ ಅರಮನೆ, ಆ ಕಾಡು ಯಾವುದೂ ಖರೆ ಅರಮನೆಯ ಹಾಗೆ ಇರಲಿಲ್ಲ, ಕಂಬಗಳು ಅತಿ ದಪ್ಪ, ಹೂವುಗಳು ಕುಂಬಳಕಾಯಿಯಷ್ಟು ದೊಡ್ಡವು — ಆದರೂ ಒಳಗೆ ಓಡಿಹೋಗಬೇಕು ಅನ್ನಿಸುತ್ತಿತ್ತಲ್ಲ. ನನಗೆ ಬೇಕಾದದ್ದು ಅದೇ. ಕೇಳಿದಾಗ ನೀವು ಒಂದು ಕ್ಷಣವೂ ಯೋಚಿಸಲಿಲ್ಲ. ಅಪ್ಪ ಬರೆದ ಪರದೆಗಳೆಲ್ಲ ಕಂಪನಿಗಳ ಜೊತೆ ಊರೂರು ತಿರುಗಿ ಹರಿದುಹೋದವು, ಉಳಿದಿರುವುದು ಇದೊಂದೇ, ಶಿವ್ಯಾ ತಂದುಕೊಡುತ್ತಾನೆ, ಫೋಟೋ ತೆಗೆದುಕೋ ಎಂದಿರಿ.

ಬಿದಿರಿಗೆ ಸುತ್ತಿಟ್ಟಿದ್ದ ಅದನ್ನು ಶಿವಣ್ಣ ಬಿಚ್ಚದೆಯೇ, ಮೇಲೆ ದುಪ್ಪಟಿ ಹೊದಿಸಿ, ಟಂಟಂ ಆಟೋದಲ್ಲಿ ತಾನೇ ಹಿಡಿದುಕೊಂಡು ಕೂತು ತಂದ. ಮೈನೆರೆದ ಹುಡುಗಿಯಷ್ಟು ಜೋಪಾನವಾಗಿ ತಂದಿರಲ್ಲ ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. ಮಳೆಗಾಲ ಬರುವ ಮೊದಲು ಪ್ರತಿ ಸಲ ಅಟ್ಟದ ಮೇಲ್ಛಾವಣಿ ನೋಡಿಸುತ್ತೇನೆ, ಅಪ್ಪನ ಹೆಸರಿಗೆ ಉಳಿದದ್ದು ಇದೊಂದೇ ಎಂದು ಹೇಳಿ ಹೋದ. ಅವನು ಹೋದ ಮೇಲೆ, ಸಮೀರನೂ ಇಲ್ಲದ ಹೊತ್ತಿನಲ್ಲಿ, ಬಿಚ್ಚಿದೆ. ಕೇಳಿರಿ ಅಕ್ಕಾ, ಇದನ್ನು ಸ್ಪಷ್ಟವಾಗಿ ಹೇಳಬೇಕು — ಪರದೆ ಒಣಗಿತ್ತು. ಧೂಳು ಇತ್ತು, ಸುಕ್ಕುಗಳಿದ್ದವು, ನೀರಿನ ಒಂದು ಕಲೆಯೂ ಇರಲಿಲ್ಲ. ಅರಮನೆಯ ಹಿಂದಿನ ತೋಟ, ನೀಲಿ ಕಂಬಗಳ ಸಾಲು, ಕೊಳಕ್ಕೆ ಇಳಿಯುವ ಮೆಟ್ಟಿಲು, ಎಲ್ಲವೂ ನಿಮ್ಮ ಅಪ್ಪ ಬಿಟ್ಟ ಹಾಗೆಯೇ ಇತ್ತು.

ಧೂಳಿಗೆ ಫೋಟೋ ಮಂಕಾಗಿ ಬಂತು. ನನಗೊಂದು ಹಳೆಯ ದೃಶ್ಯ ನೆನಪಿತ್ತು: ಕಂಪನಿಯ ಆಳುಗಳು ಪರದೆ ಕಟ್ಟುವ ಮೊದಲು ಅದರ ಮೇಲೆ ನೀರು ಚಿಮುಕಿಸುತ್ತಿದ್ದರು. ಸುಕ್ಕು ಹೋಗಿ ಪರದೆ ಬಿಗಿಯಾಗುತ್ತಿತ್ತು. ಅಷ್ಟು ಮಾತ್ರ ನೆನಪಿತ್ತು ನನಗೆ. ಅವರು ಚಿಮುಕಿಸುತ್ತಿದ್ದದ್ದು ಬಣ್ಣವಿಲ್ಲದ ಬೆನ್ನಿಗೆ, ಬೆರಳ ತುದಿಯಿಂದ, ಬಟ್ಟೆಯನ್ನು ನಾಲ್ಕೂ ಕಡೆ ಎಳೆದು ಹಿಡಿದು. ಪುಡಿಬಣ್ಣವನ್ನು ಅಂಟಿನಲ್ಲಿ ಕಲಸಿ ಬರೆದದ್ದು ನೀರಿಗೆ ಕರಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿತ್ರಕಲೆ ಓದಿದವನು ನಾನು. ಆದರೆ ಅವಸರ — ಆ ಹೊತ್ತಿಗೆ ನಾನು ಅದನ್ನು ನಿಮ್ಮ ಅಪ್ಪನ ಪರದೆ ಎಂದು ನೋಡುತ್ತಲೇ ಇರಲಿಲ್ಲ, ನನ್ನ ಆಟಕ್ಕೆ ಬೇಕಾದ ಒಂದು ಫೋಟೋ ಎಂದು ನೋಡುತ್ತಿದ್ದೆ. ಗಿಡಕ್ಕೆ ನೀರು ಹೊಡೆಯುವ ಪಂಪು ತಂದು ಮುಂಭಾಗಕ್ಕೇ ಹೊಡೆದೆ. ಬಣ್ಣ ಥಟ್ಟನೆ ಉಜ್ಜಿದಂತೆ ಎದ್ದು ಕಂಡಿತು. ಖುಷಿಯಾಗಿ ಇನ್ನೊಂದಿಷ್ಟು ಹೊಡೆದು, ಸುಕ್ಕು ಹೋದ ಮೇಲೆ ಫೋಟೋ ತೆಗೆದರಾಯಿತೆಂದು ಹಾಗೇ ತೂಗುಬಿಟ್ಟು ಊಟಕ್ಕೆ ಹೋದೆ.

ತಿರುಗಿ ಬಂದಾಗ ನೀಲಿ ಕಂಬಗಳು ಮೆಟ್ಟಿಲ ಮೇಲೆ ಇಳಿದಿದ್ದವು. ಮರಗಳ ಹಸಿರು ಕೊಳಕ್ಕೆ ಹರಿದಿತ್ತು. ಬಣ್ಣ ಹರಿದುಹೋದ ಕಡೆ ಬಿಳಿಯ ಅಂಚು ಕಟ್ಟಿತ್ತು. ನಿಲ್ಲಿಸಲು ಬಟ್ಟೆಯಿಂದ ಒತ್ತಿದೆ, ಅದರಿಂದ ಇನ್ನಷ್ಟು ಹೋಯಿತು. ಕೆಳಗೆ ನೆಲದ ಮೇಲೆ ನಿಂತ ನೀಲಿ ನೀರನ್ನು ಒರೆಸಿ ಮೋರಿಗೆ ಹಿಂಡಿದೆ, ಗಿರಿಜಕ್ಕಾ. ನಿಮ್ಮ ಅಪ್ಪನ ಕೈಕೆಲಸವನ್ನು ಮೋರಿಗೆ ಹಿಂಡಿದೆ.

ನೀವು ಬಂದು ನೋಡಿದಾಗ ನಾನು ಸತ್ಯ ಹೇಳುತ್ತೇನೆಂದೇ ನಿಂತಿದ್ದೆ. ನಿಮ್ಮ ಮುಖ ನೋಡಿದ ಮೇಲೆ ಬಾಯಿಂದ ಬಂದದ್ದು ಬೇರೆ.

"ಬಿಚ್ಚಿದಾಗನ ಹಿಂಗ ಇತ್ತರಿ ಅಕ್ಕಾ. ಅಟ್ಟದಾಗ ಎಲ್ಲ್ಯೋ ನೀರು ಇಳದಿರಬೇಕು."

ನೀವು ಪರದೆಯ ತುದಿ ಹಿಡಿದು ನಿಂತಿದ್ದಿರಿ. ಆಮೇಲೆ "ಶಿವ್ಯಾಗ ಅಪ್ಪನ ಮ್ಯಾಲೆ ಎಂದೂ ಅಕ್ಕರತಿ ಇರಲಿಲ್ಲ" ಎಂದಿರಿ. ಆ ಮಾತಿಗಾದರೂ ನಾನು ಅಡ್ಡ ಬರಬೇಕಿತ್ತು. ಮೇಲ್ಛಾವಣಿಯ ಬಗ್ಗೆ ಅವನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ನಾನು ತಲೆ ಕೆಳಗೆ ಹಾಕಿ ನಿಂತೆ. ನೀವು ಅದನ್ನು ದುಃಖ ಎಂದುಕೊಂಡಿರಿ. ಪರದೆಯನ್ನು ನೀನೇ ಇಟ್ಟುಕೋ, ನನಗೆ ನೋಡಲಾಗುವುದಿಲ್ಲ ಎಂದು ಹೇಳಿ ಬಸ್ಸು ಹತ್ತಿದಿರಿ.

ಇನ್ನು ಹೇಳುವುದು ಇದಕ್ಕಿಂತ ನಾಚಿಕೆಯದು. ಆ ಕೆಟ್ಟ ಪರದೆ ಕೋಣೆಯಲ್ಲಿ ತೂಗುತ್ತಲೇ ಇತ್ತು. ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕಂಬ ಕರಗಿ ಮೆಟ್ಟಿಲಿಗೆ ಇಳಿದ ಜಾಗದಲ್ಲಿ ಒಂದು... ಹೇಗೆ ಹೇಳಲಿ, ಚೆಂದ ಇತ್ತು. ಅಸಹ್ಯವಾಗುವಷ್ಟು ಚೆಂದ. ಯಾರೋ ಅಲ್ಲಿಂದ ಈಗಷ್ಟೇ ಎದ್ದು ಹೋದ ಹಾಗೆ. ತಾಯಿಯನ್ನು ಹುಡುಕುವ ಹುಡುಗಿ ನಡೆಯಬೇಕಾದ ಊರು ಅದೇ ಆಗಿತ್ತು. ನಾನು ಖಾದಿ ಬಟ್ಟೆ ಬಿಗಿದು, ಪುಡಿಬಣ್ಣಕ್ಕೆ ಅಂಟು ಕಲಸಿ, ಲಕ್ಕುಂಡಿಯ ಅದೇ ಬಾವಿಯನ್ನು ಮತ್ತೆ ಬರೆದು, ಬೇಕೆಂದೇ ನೀರು ಹೊಡೆದೆ. ಚೌಕಟ್ಟನ್ನು ವಾಲಿಸಿ ಬಣ್ಣ ಎತ್ತ ಹರಿಯಬೇಕೋ ಅತ್ತ ಹರಿಸಿದೆ. ಹತ್ತಿರದ ಕಂಬ ಒಂದು ಬಟ್ಟೆಯ ಮೇಲೆ, ದೂರದ ಗುಡ್ಡ ಇನ್ನೊಂದರ ಮೇಲೆ. ಅವುಗಳ ಫೋಟೋ ತೆಗೆದು ಆಟದಲ್ಲಿ ಹಾಕಿದಾಗ, ಹುಡುಗಿ ನಡೆದಂತೆ ಕಂಬ ಬೇಗ ಸರಿಯುತ್ತಿತ್ತು, ಗುಡ್ಡ ನಿಧಾನ. ಸಮೀರ ನೋಡಿ ಕುರ್ಚಿಯಿಂದ ಎದ್ದು ನಿಂತ. ಇದೇ ಬೇಕಾಗಿತ್ತು ಎಂದ. ಅವನಿಗೂ ನಾನು ನಿಜ ಹೇಳಿಲ್ಲ.

ಆಟ ಹೊರಬಂತು. ಆಡಿದವರು ಕಥೆಗಿಂತ ಹೆಚ್ಚು ಹಿನ್ನೆಲೆಯ ಚಿತ್ರಗಳನ್ನೇ ಹೊಗಳಿದರು. ಈ ಶೈಲಿ ಹೇಗೆ ಹೊಳೆಯಿತು ಎಂದು ಕೇಳಿದಾಗಲೆಲ್ಲ ನನ್ನಲ್ಲಿ ಒಂದು ಉತ್ತರ ಸಿದ್ಧವಿತ್ತು: ಚಿಕ್ಕಂದಿನಲ್ಲಿ ಬಾವಿಯ ಕಲ್ಲುಗಳ ಮೇಲೆ ಮಳೆನೀರು ಇಳಿದ ಗುರುತು ನೋಡುತ್ತಿದ್ದೆ ಎಂದು. ಎಷ್ಟು ಸಲೀಸಾಗಿ ಹೇಳುತ್ತಿದ್ದೆನೆಂದರೆ ನನಗೇ ಆ ಗುರುತು ಕಣ್ಣಿಗೆ ಕಟ್ಟುತ್ತಿತ್ತು. ಆಟದ ಕೊನೆಯಲ್ಲಿ ನೆನೆಯಬೇಕಾದವರ ಹೆಸರು ಹಾಕುವಾಗ ನಿಮ್ಮ ಅಪ್ಪನದು, ನಿಮ್ಮದು, ಶಿವಣ್ಣನದು ಬರೆದು ನಿಮಗೆ ಓದಿ ಹೇಳಿದೆ. "ಅವನ ಹೆಸರು ಬ್ಯಾಡ. ಅಳಸು" ಎಂದಿರಿ. ಅಳಿಸಿದೆ. ಪರದೆಯನ್ನು ಕೆಡಿಸಿದ್ದು ಅವಸರದಲ್ಲಿ ಎಂದುಕೊಳ್ಳಬಹುದು. ಇದನ್ನು ಮಾಡುವಾಗ ನನಗೆ ಯಾವ ಅವಸರವೂ ಇರಲಿಲ್ಲ.

ಆ ವರ್ಷ ನಾಗರಪಂಚಮಿಗೆ ಶಿವಣ್ಣ ನಿಮ್ಮನ್ನು ತವರಿಗೆ ಕರೆಯಲು ಬಂದು, ಹೊರಗಿನ ಕಟ್ಟೆಯ ಮೇಲೆ ಕೂತು, ಬರಿಗೈಯಲ್ಲಿ ತಿರುಗಿ ಹೋದನೆಂದು ನನ್ನ ಅವ್ವ ಹೇಳಿದಳು. ಮರು ವರ್ಷವೂ ಬಂದನಂತೆ. ಆಮೇಲೆ ಬರುವುದನ್ನು ಬಿಟ್ಟ. ಪಂಚಮಿಯ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋದಾಗ ನೀವೊಬ್ಬರೇ ಉಂಡಿ ಕಟ್ಟಿ ನಮ್ಮ ಮನೆಗೆ ಕೊಟ್ಟು ಹೋಗುತ್ತೀರಿ. ನನ್ನ ಪಾಲನ್ನು ಅವ್ವ ಡಬ್ಬಿಯಲ್ಲಿ ಹಾಕಿ ಬೆಟಗೇರಿಗೆ ಕಳಿಸುತ್ತಾಳೆ. ನಾನು ತಿನ್ನುತ್ತೇನೆ. ಇದನ್ನೂ ಮುಚ್ಚಿಡುವುದಿಲ್ಲ — ತಿಂದಿದ್ದೇನೆ.

ನಿನ್ನೆ ಮುಳಗುಂದಕ್ಕೆ ಹೋಗಿದ್ದೆ. ಮೊದಲು ಶಿವಣ್ಣನಿಗೆ ಹೇಳಿ, ಆಮೇಲೆ ಅವನೇ ನಿಮಗೆ ಹೇಳಲಿ ಎಂದು ಹೇಡಿಯ ಲೆಕ್ಕ ಹಾಕಿದ್ದೆ. ಎಲ್ಲವನ್ನೂ ಹೇಳಿದೆ. ಅವನು ಹೊಡೆಯುತ್ತಾನೆಂದುಕೊಂಡಿದ್ದೆ. ಹೊಡೆಯಲಿಲ್ಲ, ಹೆಂಡತಿಗೆ ನೀರು ತರಲು ಹೇಳಿದ. ತಾನು ಅಟ್ಟ ಹತ್ತಿ ಹಂಚು ಹಂಚು ಮುಟ್ಟಿ ನೋಡಿದ್ದು, ಸೋರದ ಜಾಗದಲ್ಲಿ ಸೋರಿದ ಗುರುತು ಹುಡುಕಿದ್ದು, ಕೊನೆಗೆ ಅಕ್ಕ ಹೇಳಿದ್ದೇ ನಿಜವಿರಬೇಕು, ತಾನೇ ಎಲ್ಲೋ ಬೇಜವಾಬ್ದಾರಿ ಮಾಡಿರಬೇಕು ಎಂದು ನಂಬಿದ್ದು — ಇದನ್ನು ಅವನು ನನ್ನ ಕಡೆ ನೋಡದೆ ಹೇಳಿದ. ನೀವು ನಿಮ್ಮ ತಮ್ಮನನ್ನು ನಂಬದೆ ಇದ್ದದ್ದಷ್ಟೇ ನನಗೆ ಗೊತ್ತಿತ್ತು. ಅವನು ತನ್ನನ್ನೇ ನಂಬದೆ ಇದ್ದದ್ದು ಗೊತ್ತಿರಲಿಲ್ಲ.

ಅಕ್ಕನಿಗೆ ನೀವೇ ತಿಳಿಸುತ್ತೀರಾ ಎಂದು ಅವನನ್ನು ಕೇಳಿದೆ. ಅವನು ಬಹಳ ಮೆತ್ತಗೆ ಹೇಳಿದ:

"ನಾ ಹೇಳಿದ್ರ ಅಕ್ಕ ನಂಬೂದಿಲ್ಲಪ್ಪ. ನೀನ ಹೇಳು. ನಿನ್ನ ಮಾತು ನಂಬತಾಳ ಆಕಿ."

ಅದಕ್ಕೇ ಬರೆಯುತ್ತಿದ್ದೇನೆ, ಗಿರಿಜಕ್ಕಾ. ನಾಳೆ ಬೆಳಗಿನ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಬಂದು ಇದನ್ನು ನಿಮ್ಮೆದುರು ನಿಂತು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಓದಿ ಮುಗಿಸಿದ ಮೇಲೆ ನೀವು ನನ್ನನ್ನು ನಂಬಬೇಡಿ, ಇನ್ನು ಮುಂದೆ ಯಾವ ಮಾತಿಗೂ ನಂಬಬೇಡಿ. ಇದೊಂದನ್ನು ಮಾತ್ರ ನಂಬಿರಿ: ಅಟ್ಟ ಸೋರಿರಲಿಲ್ಲ.