ಚೇಚಿಯ ಕಡವು

ಗಲ್ಫಿನ ಈ ನಿಜ್ವಾ ಊರಿನ ಖರ್ಜೂರದ ತೋಟಗಳ ನಡುವೆ ಹರಿಯುವ ಕಾಲುವೆಯ ಹೂಳನ್ನು ಮೊನ್ನೆ ತೆಗೆಯುತ್ತಿದ್ದರು. ದಡಕ್ಕೆ ಎತ್ತಿಹಾಕಿದ ಕೆಸರು, ಪಾಚಿಯ ಹಸಿ ವಾಸನೆಗೆ ಕಾಲು ತಾನಾಗಿ ನಿಂತಿತು. ಪಕ್ಕದ ಮನೆಯ ಚೇಚಿ ಇದೇ ದಾರಿಯಲ್ಲಿ ನನ್ನ ಜೊತೆ ನಡೆಯುತ್ತಿದ್ದರು...

ಮದುವೆಯಾಗಿ ಉಡುಪಿಯಿಂದ ಬಂದ ಹೊಸತರಲ್ಲಿ ನನಗೆ ಮಾತಿಗೆ ಸಿಕ್ಕಿದ್ದು ಅವರೊಬ್ಬರೇ. ಆಸ್ಪತ್ರೆಯಲ್ಲಿ ನರ್ಸ್. ಒಂಟಿ ಜೀವ. ಊರು ಆಲಪ್ಪುಳದ ಕಡೆ. ಓದಿದ್ದು ಮಂಗಳೂರಿನಲ್ಲಾದ್ದರಿಂದ ಕನ್ನಡ ಬರುತ್ತಿತ್ತು. ಮಲಯಾಳಿಗಳು ಅಕ್ಕನನ್ನು ಕರೆಯುವಂತೆ ನಾನೂ ಚೇಚಿ ಎನ್ನುತ್ತಿದ್ದೆ. ಅವರ ಬಾಯಲ್ಲಿ ಸದಾ ಊರಿನ ಹಳೆಯ ಕಾಲುವೆ, ಅದರಲ್ಲಿ ಓಡುವ ಬೋಟು. ಶಾಲೆಗೆ ಹೋಗಿದ್ದೂ ಅದರಲ್ಲೇ, ಗಲ್ಫಿಗೆ ಹೊರಟದ್ದೂ ಅದರಲ್ಲೇ.

ಒಂದು ವರ್ಷ ಆಸ್ಪತ್ರೆಯವರು ಅವರ ಕೆಲಸದ ಕರಾರನ್ನು ನವೀಕರಿಸಲಿಲ್ಲ.

"ನನ್ನದು ಇಲ್ಲಿ ಖಲಾಸ್ ಮಾರಾಯ್ತಿ. ಮನೆ ಮುಟ್ಟಿಸಲಿಕ್ಕೆ ನೀನಾದರೂ ಬಾ," ಎಂದರು.

ರಜೆಯಲ್ಲಿ ಉಡುಪಿಗೆ ಹೋಗಿದ್ದ ನಾನು ಅಲ್ಲಿಂದ ರೈಲು ಹತ್ತಿ ಹೋದೆ. ಆಲಪ್ಪುಳದಲ್ಲಿ ಇಬ್ಬರೂ ಬೋಟು ಹತ್ತಿದೆವು. ಚೇಚಿ ತಾವು ಇಳಿಯಬೇಕಾದ ಕಡವಿನ ಹೆಸರು ಹೇಳಿದಾಗ ಕಂಡಕ್ಟರ್ ಅಲ್ಲಿ ನಿಲ್ಲಿಸುವುದಿಲ್ಲವೆಂದು ತಲೆಯಾಡಿಸಿದ. ಸೇತುವೆಯಾದ ಮೇಲೆ ಜನರೆಲ್ಲ ಬಸ್ಸು ಹಿಡಿದಿದ್ದರು. ಅಲ್ಲಿ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ.

"ನಾನಿದ್ದೇನಲ್ಲ," ಎಂದು ಚೇಚಿ ಮಲಯಾಳದಲ್ಲಿ ಗದರಿದರು.

ನೀರು ಮುಚ್ಚಿದ್ದ ಅಂತರಗಂಗೆ ಕಳೆಯನ್ನು ಸರಿಸಿಕೊಂಡು ಬೋಟು ನಿಂತಿತು. ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿಗೆ ಚೇಚಿ ತಮ್ಮ ತಂದೆಯ ಹೆಸರು ಹೇಳಿದರು. ಆಕೆಗೆ ಗೊತ್ತಾಗಲಿಲ್ಲ. ಚೇಚಿ ನಕ್ಕರು, ಆದರೆ ನನ್ನ ಕೈಯನ್ನು ಬಿಡಲಿಲ್ಲ. ತಮಗೆಂದು ಕಟ್ಟಿಸಿದ್ದ ಮನೆಯ ಬೀಗವನ್ನು ನನ್ನಿಂದಲೇ ತೆಗೆಸಿದರು.

ಮರುದಿನದಿಂದ ಅವರು ಹೊಸದೊಂದು ಕೆಲಸ ಹಚ್ಚಿಕೊಂಡರು. ದಿನವೂ ಬೆಳಿಗ್ಗೆ ಬೋಟು ಹತ್ತುವುದು, ಪೇಟೆಯಲ್ಲಿ ಚಹಾ ಕುಡಿಯುವುದು, ಅದೇ ಬೋಟಿನಲ್ಲಿ ವಾಪಸು. "ನಾನು ಹತ್ತದಿದ್ದರೆ ಇವರು ನಿಲ್ಲಿಸುವುದನ್ನೇ ಬಿಡುತ್ತಾರೆ ಮೋಳೆ," ಎನ್ನುತ್ತಿದ್ದರು, ನಾನು ನಿಜ್ವಾಕ್ಕೆ ಮರಳಿದ ಮೇಲೆ ಫೋನಿನಲ್ಲಿ. ಮಗಳೇ ಎನ್ನುವುದನ್ನು ಅವರು ಹಾಗೆ ಹೇಳುವುದು. ಒಮ್ಮೆ ಖುಷಿಯಿಂದ ಕೂಗಿದರು: "ಇವತ್ತು ಒಬ್ಬಳು ಟೀಚರ್ ನನ್ನ ಜೊತೆ ಹತ್ತಿದಳು, ಗೊತ್ತುಂಟಾ!"

ಹೋದ ವರ್ಷ ಅವರ ನಂಬರಿನಿಂದ ಕರೆ ಬಂತು. ಮಾತಾಡಿದವಳು ಆ ಟೀಚರ್. ಬೆಳಿಗ್ಗೆ ಕಡವಿನಲ್ಲಿ ಚೇಚಿ ಕಾಣಲಿಲ್ಲವಂತೆ. ಬೋಟು ಹೊರಡಲಿಲ್ಲ. ಇಂಜಿನ್ ನಿಲ್ಲಿಸಿ ಎಲ್ಲರೂ ಕಾದರಂತೆ. ಕೊನೆಗೆ ಕಂಡಕ್ಟರೇ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದನಂತೆ... ನಿದ್ದೆಯಲ್ಲೇ ಹೋಗಿದ್ದರು.

ಈಗ ಇಲ್ಲಿ ಪಕ್ಕದ ಮನೆಯಲ್ಲಿ ಯಾರೋ ಇದ್ದಾರೆ, ಹೆಸರು ಗೊತ್ತಿಲ್ಲ. ಗಂಡ ಕೆಲಸದ ಮೇಲೆ ವಾರವಿಡೀ ದೂರದ ಇಬ್ರಿ ಪಟ್ಟಣದಲ್ಲಿ. ಮಗಳು ಓದಲು ದೂರ ಹೋಗಿದ್ದಾಳೆ; ಫೋನು ಮಾಡಿದರೆ ಇಂಗ್ಲಿಷಿನಲ್ಲಿ ನಾಲ್ಕು ಮಾತು. ಸಂಜೆ ಒಬ್ಬಳೇ ನಡೆದು ಬರುತ್ತೇನೆ. ನಾನೊಂದು ದಿನ ಹೊರಗೆ ಬಾರದಿದ್ದರೆ ಬಾಗಿಲು ಬಡಿಯುವವರು ಯಾರು ಎಂದು ಯೋಚಿಸುತ್ತೇನೆ. ಈ ಊರಿನಲ್ಲಿ ಹಾಗೆ ಬಡಿಯಬಹುದಾಗಿದ್ದವರು ಚೇಚಿ ಒಬ್ಬರೇ.